ಮಂತ್ರಿ ಕೊಟ್ಟ ಉತ್ತರವನ್ನು ಓದುವುದು ಹೇಗೆ?

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಆಡಿದ ಮಾತು. ಬರೆದು ಕೊಡಿ ಎಂದು ಕೆಲವರು ಕೇಳಿದರು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು.

ಒಂದು ಕಾಗದದಿಂದ ಶುರು ಮಾಡುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ನೆರೆಮನೆಯ ಅಕ್ಕ ಒಬ್ಬರು ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಪ್ರಿಂಟ್ ತೆಗೆಸಿದ ಎರಡು ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರ ಮಗ ಗಲ್ಫಿನಲ್ಲಿ ಒಂದು ಕಂಪೆನಿಯಲ್ಲಿದ್ದ. ಐದು ತಿಂಗಳಿಂದ ಸಂಬಳ ಇಲ್ಲ. ಪಾಸ್‌ಪೋರ್ಟ್ ಕಂಪೆನಿಯವರ ಕೈಯಲ್ಲಿ. ಗಲ್ಫಿನವರ ವಿಷಯಕ್ಕೆ ಪಾರ್ಲಿಮೆಂಟಿನಲ್ಲಿ ಮಂತ್ರಿ ಉತ್ತರ ಕೊಟ್ಟಿದ್ದಾರೆ ಎಂದು ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಅದು ಇಂಗ್ಲಿಷಿನಲ್ಲಿತ್ತು. "ಮಾಷ್ಟ್ರೇ, ಇದರಲ್ಲಿ ನನ್ನ ಮಗನ ಸಂಗತಿ ಉಂಟಾ ನೋಡಿ" ಅಂದರು.

ಓದಿದೆ. ರಾಯಭಾರ ಕಚೇರಿಗಳು ಏನೇನು ಮಾಡುತ್ತಿವೆ ಎಂದು ಒಂದು ಪುಟ. ಕೊನೆಗೆ ಒಂದು ಪಟ್ಟಿ. ದೇಶದ ಹೆಸರು, ಅದರ ಎದುರು ಪ್ರತಿ ವರ್ಷ ಬಂದ ದೂರುಗಳ ಲೆಕ್ಕ. "ಅಕ್ಕ, ನೀವು ಎಂಬೆಸಿಗೋ ಮದದ್ ಪೋರ್ಟಲಿಗೋ ದೂರು ಕೊಟ್ಟಿದ್ದೀರಾ?" ಎಂದು ಕೇಳಿದೆ. "ಇಲ್ಲ. ಫೋನಿನಲ್ಲಿ ಅತ್ತದ್ದೇ ಬಂತು" ಅಂದರು. ಹಾಗಾದರೆ ಆ ಲೆಕ್ಕದಲ್ಲಿ ಅವರ ಮಗ ಇಲ್ಲ. ಮಂತ್ರಿ ಸುಳ್ಳು ಹೇಳಿಲ್ಲ. ಎಷ್ಟು ದೂರು ಬಂದಿದೆ ಎಂದು ಕೇಳಿದ್ದರು, ಅಷ್ಟಕ್ಕೆ ಉತ್ತರ ಬಂದಿತ್ತು. ಎಷ್ಟು ಜನಕ್ಕೆ ಸಂಬಳ ಸಿಕ್ಕಿಲ್ಲ ಎಂದು ಯಾರೂ ಕೇಳಿರಲಿಲ್ಲ.

ಮರುದಿನ ಅಕ್ಷಯ ಕೇಂದ್ರಕ್ಕೆ ಹೋಗಿ ದೂರು ಹಾಕಿದೆವು. ಮದದ್ ಎಂಬುದು ವಿದೇಶಾಂಗ ಸಚಿವಾಲಯ 2015ರಲ್ಲಿ ಶುರು ಮಾಡಿದ ದೂರಿನ ವ್ಯವಸ್ಥೆ. ಆವತ್ತಿನಿಂದ ನನಗೆ ಒಂದು ಹುಚ್ಚು ಹಿಡಿಯಿತು. ಮಂತ್ರಿಗಳ ಉತ್ತರಗಳನ್ನು ಹುಡುಕಿ ಓದುವ ಹುಚ್ಚು. ಮೂವತ್ತು ವರ್ಷ ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವನು. ಪ್ರಶ್ನೋತ್ತರ ವೇಳೆ ಎಂದರೇನು? ಎರಡು ಅಂಕ. ದಿನದ ಕಲಾಪದ ಮೊದಲ ಒಂದು ಗಂಟೆ ಎಂದು ಬರೆದರೆ ಅಂಕ ಕೊಟ್ಟು ಮುಂದೆ ಹೋಗುತ್ತಿದ್ದೆ. ಆ ಒಂದು ಗಂಟೆಯಲ್ಲಿ ಏನೇನು ನಡೆಯುತ್ತದೆ ಎಂದು ಮಕ್ಕಳಿಗೆ ಹೇಳಬೇಕಿತ್ತು. ಹೇಳಲಿಲ್ಲ ಎಂಬ ಬೇಸರ ಇದೆ. ಅದನ್ನೇ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಲೋಕಸಭೆಯಲ್ಲಿ ಬೆಳಗ್ಗೆ 11ಕ್ಕೆ ಪ್ರಶ್ನೋತ್ತರ. ರಾಜ್ಯಸಭೆಯಲ್ಲಿ 2014ರಿಂದ ಮಧ್ಯಾಹ್ನ 12ಕ್ಕೆ. ಪ್ರಶ್ನೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಚುಕ್ಕೆ ಗುರುತಿನದ್ದು, ಚುಕ್ಕೆ ಇಲ್ಲದ್ದು. ನಮ್ಮಲ್ಲಿ ಮಲಯಾಳದ ಪೇಪರ್ ಓದುವವರಿಗೆ 'ನಕ್ಷತ್ರ ಚಿಹ್ನಮಿಟ್ಟ ಚೋದ್ಯಂ' ಅಂದರೆ ಬೇಗ ಗೊತ್ತಾಗುತ್ತದೆ. ಚುಕ್ಕೆ ಇದ್ದರೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆಯದ್ದು 20, ಚುಕ್ಕೆ ಇಲ್ಲದ್ದು 230. ಆ 20ರಲ್ಲೂ ಬಾಯಿ ಮಾತಿಗೆ ಬರುವುದು ಸಾಮಾನ್ಯವಾಗಿ ಐದಾರು. ಇಪ್ಪತ್ತಕ್ಕೆ ಇಪ್ಪತ್ತೂ ಮುಗಿದ ದಿನ 2019ರ ನವೆಂಬರ್ 27. ಅದು ಆವತ್ತಿನ ಸುದ್ದಿಯೇ ಆಗಿತ್ತು.

ಯಾರ ಪ್ರಶ್ನೆ ಮೊದಲು ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಸಂಸದರು 15 ದಿನ ಮೊದಲೇ ಬರೆದು ಕೊಡಬೇಕು. ಒಂದೊಂದು ಸಚಿವಾಲಯಕ್ಕೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿರುತ್ತಾರೆ. ನಮ್ಮ ವಿಲ್ಲೇಜ್ ಆಫೀಸಿನಲ್ಲಿ ಇಂಥ ಕೆಲಸಕ್ಕೆ ಇಂಥ ದಿನ ಬನ್ನಿ ಅಂತಾರಲ್ವಾ, ಹಾಗೆ. ಪ್ರಶ್ನೆ 150 ಪದ ಮೀರಬಾರದು. ಅದರಲ್ಲಿ ವಾದ ಇರಬಾರದು, ವ್ಯಂಗ್ಯ ಇರಬಾರದು. ಹೀಗಾದರೆ ಏನು ಮಾಡುತ್ತೀರಿ ಎಂದು ಊಹೆಯ ಮೇಲೆ ಕೇಳುವಂತಿಲ್ಲ. ಮಂತ್ರಿಯ ಸ್ವಂತ ಅಭಿಪ್ರಾಯ ಕೇಳುವಂತಿಲ್ಲ. ಸ್ನೇಹದ ದೇಶದ ಬಗ್ಗೆ ಮರ್ಯಾದೆ ಬಿಟ್ಟು ಬರೆಯುವಂತಿಲ್ಲ. ಈ ನಿಯಮಗಳು ನನಗೆ ಇಷ್ಟ. ಸಿಟ್ಟನ್ನೆಲ್ಲ ಹಿಂಡಿ ತೆಗೆದ ಮೇಲೆ ಉಳಿಯುವ ಒಂದು ಗಟ್ಟಿ ಪ್ರಶ್ನೆಗೆ ಜಾರಿಕೊಳ್ಳುವುದು ಮಂತ್ರಿಗೆ ಜಾಸ್ತಿ ಕಷ್ಟ.

ಈ ಹಕ್ಕು ಸುಮ್ನೆ ಬಂದದ್ದಲ್ಲ. ಬ್ರಿಟಿಷರು 1892ರ ಕಾಯ್ದೆಯಲ್ಲಿ ಪ್ರಶ್ನೆ ಕೇಳಲು ಬಿಟ್ಟರು, ಉಪಪ್ರಶ್ನೆಗೆ ಬಿಡಲಿಲ್ಲ. ಮೊದಲ ಪ್ರಶ್ನೆ ಬಂದದ್ದು 1893ರ ಫೆಬ್ರವರಿಯಲ್ಲಿ, ಭಿಂಗಾದ ರಾಜರಿಂದ. ವಿಷಯ ಏನು ಗೊತ್ತಾ? ಹಳ್ಳಿಯ ಅಂಗಡಿಯವರ ಕಷ್ಟ. ಸರಕಾರಿ ಸಾಹೇಬರು ಊರೂರು ಸುತ್ತುವಾಗ ಅವರಿಗೆ ಬೇಕಾದ ಸಾಮಾನನ್ನು ಈ ಅಂಗಡಿಯವರು ಒದಗಿಸಬೇಕಿತ್ತು. ಈ ದೇಶದಲ್ಲಿ ಆಳುವವರಿಗೆ ಸಭೆಯಲ್ಲಿ ಕೇಳಿದ ಮೊದಲ ಪ್ರಶ್ನೆ ಒಬ್ಬ ಜೀನಸು ಅಂಗಡಿಯವನ ಪರವಾಗಿ. ಇದನ್ನು ಓದಿದ ದಿನ ನನಗೆ ತುಂಬ ಸಂತೋಷವಾಯಿತು. 1909ರಲ್ಲಿ ಪ್ರಶ್ನೆ ಕೇಳಿದವರೇ ಒಂದು ಉಪಪ್ರಶ್ನೆ ಕೇಳಬಹುದು ಎಂದಾಯಿತು. ಆಮೇಲೆ ಎಲ್ಲ ಸದಸ್ಯರಿಗೂ ಆ ಹಕ್ಕು ಬಂತು.

ಉಪಪ್ರಶ್ನೆಯ ಶಕ್ತಿ ಸಣ್ಣದಲ್ಲ. 1957ರಲ್ಲಿ ಎಲ್‌ಐಸಿಯ ದುಡ್ಡು ಮುಂಧ್ರಾ ಎಂಬ ಉದ್ಯಮಿಯ ಕಂಪೆನಿಗಳಲ್ಲಿ ಹೂಡಿಕೆಯಾದ ವಿಷಯ ಲೋಕಸಭೆಯಲ್ಲಿ ಮೊದಲು ಬಂದದ್ದು ಪ್ರಶ್ನೆಯ ರೂಪದಲ್ಲೇ. ಆಮೇಲೆ ಫಿರೋಜ್ ಗಾಂಧಿ ಅದನ್ನು ಹಿಡಿದು ಎಳೆದರು. ಪ್ರಧಾನಿ ನೆಹರೂ ಅವರ ಅಳಿಯನೇ, ಅದೂ ಆಳುವ ಪಕ್ಷದವರೇ! ತನಿಖೆಗೆ ಛಾಗ್ಲಾ ಆಯೋಗ ಕೂತಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಆ ಕಾಲದಲ್ಲಿ ನಮ್ಮ ಕಾಸರಗೋಡಿನ ಸಂಸದರು ಎ.ಕೆ. ಗೋಪಾಲನ್. 1957, 1962, 1967, ಮೂರು ಸಲ ಇಲ್ಲಿಂದಲೇ ಗೆದ್ದರು. ಲೋಕಸಭೆಯ ವಿರೋಧ ಪಕ್ಷದ ಸಾಲಿನಲ್ಲಿ ದೊಡ್ಡ ದನಿ ನಮ್ಮ ಕ್ಷೇತ್ರದ್ದಾಗಿತ್ತು. ಆಮೇಲೆ ಎಂ. ರಾಮಣ್ಣ ರೈ, ಐ. ರಾಮ ರೈ ಕೂಡ ಇಲ್ಲಿಂದ ದೆಹಲಿಗೆ ಹೋದರು. ಅಂದರೆ ಕೇಳುವ ರೂಢಿ ನಮಗೆ ಹೊಸದಲ್ಲ.

ಈಗ ಉತ್ತರದ ಕಡೆ ಬರೋಣ. ಈ ಹಾಳೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹಿಂದೆ ಕೂತವರಿಗೂ ಒಂದೊಂದು ಕೊಟ್ಟಿದ್ದೇನೆ. ಮೇಲೆ ಭಾರತ ಸರಕಾರ, ಕೆಳಗೆ ಸಚಿವಾಲಯದ ಹೆಸರು, ಆಮೇಲೆ ಪ್ರಶ್ನೆಯ ನಂಬರು, ಉತ್ತರದ ತಾರೀಕು. ಪ್ರಶ್ನೆ ಒಂದೇ ಆದರೂ ಅದನ್ನು ಎ, ಬಿ, ಸಿ, ಡಿ ಎಂದು ತುಂಡು ಮಾಡಿರುತ್ತಾರೆ. ಇಂಥದ್ದು ಹೌದೇ? ಹೌದಾದರೆ ವಿವರ ಏನು? ಸರಕಾರ ತೆಗೆದುಕೊಂಡ ಕ್ರಮ ಏನು? ಯಾವಾಗ ಮುಗಿಯುತ್ತದೆ? ಹೀಗೆ.

ಉತ್ತರದಲ್ಲಿ ಮೊದಲು ನೋಡಬೇಕಾದ್ದು ಈ ಅಕ್ಷರಗಳನ್ನು. 'ಎ: ಹೌದು. ಬಿ: ವಿವರ ಹೀಗಿದೆ' ಎಂದು ಬಿಡಿಸಿ ಕೊಟ್ಟಿದ್ದರೆ ಒಳ್ಳೆಯದು. 'ಎ ಯಿಂದ ಡಿ ವರೆಗೆ' ಎಂದು ಕಟ್ಟು ಕಟ್ಟಿ ಒಂದು ಪ್ಯಾರಾ ಬರೆದಿದ್ದರೆ ಪೆನ್ಸಿಲ್ ಹಿಡಿದುಕೊಳ್ಳಿ. ಪ್ರತಿ ತುಂಡಿಗೂ ಆ ಪ್ಯಾರಾದಲ್ಲಿ ಉತ್ತರ ಎಲ್ಲಿದೆ ಎಂದು ಗೆರೆ ಎಳೆಯಿರಿ. ತುಂಬ ಸಲ ಒಂದು ತುಂಡು ಸಿಗುವುದಿಲ್ಲ. ಸಾಮಾನ್ಯವಾಗಿ ಅದು 'ಯಾವಾಗ' ಎಂಬ ತುಂಡು.

ಇನ್ನೊಂದು, 'ಪ್ರಶ್ನೆ ಉದ್ಭವಿಸುವುದಿಲ್ಲ' ಎಂಬ ಮಾತು. ಮೊದಲ ತುಂಡಿಗೆ 'ಇಲ್ಲ' ಎಂದ ಮೇಲೆ ಉಳಿದ ಮೂರಕ್ಕೂ ಈ ಒಂದೇ ಸಾಲು ಸಾಕಾಗುತ್ತದೆ. ತಪ್ಪು ಎಲ್ಲಿ? ಮೊದಲ ತುಂಡಿನಲ್ಲಿ. ಅಲ್ಲಿ 'ಹೌದೇ, ಅಲ್ಲವೇ' ಎಂದು ಕೇಳಿ ಬಾಗಿಲು ಮುಚ್ಚಲು ನಾವೇ ಅವಕಾಶ ಕೊಟ್ಟಿರುತ್ತೇವೆ. 'ಗಡಿ ಭಾಗದ ಶಾಲೆಗಳಿಗೆ ವಿಶೇಷ ಯೋಜನೆ ಇದೆಯೇ?' ಎಂದರೆ 'ಇಲ್ಲ. ಉಳಿದದ್ದು ಉದ್ಭವಿಸುವುದಿಲ್ಲ.' ಮುಗಿಯಿತು. ಅದರ ಬದಲು 'ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಲು ಸಂವಿಧಾನದ 350ಎ ವಿಧಿಯ ಕೆಳಗೆ ಕಳೆದ ಐದು ವರ್ಷದಲ್ಲಿ ಯಾವ ರಾಜ್ಯಕ್ಕೆ ಏನು ನಿರ್ದೇಶನ ಕೊಟ್ಟಿದ್ದೀರಿ?' ಎಂದು ಕೇಳಿ. ಕೊಟ್ಟಿದ್ದರೆ ಪಟ್ಟಿ ಬರುತ್ತದೆ. ಕೊಟ್ಟಿಲ್ಲವಾದರೆ ಅದು ಸರಕಾರದ ಸಹಿಯ ಕೆಳಗೇ ದಾಖಲಾಗುತ್ತದೆ. ಆ ವಿಧಿಯಲ್ಲಿ ನಿರ್ದೇಶನ ಕೊಡುವ ಅಧಿಕಾರ ರಾಷ್ಟ್ರಪತಿಗಳಿಗೆ ಇದೆ. 350ಬಿ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗೆ ಒಬ್ಬ ವಿಶೇಷ ಅಧಿಕಾರಿ ಇರಬೇಕು, ಅವರ ವರದಿ ಸಂಸತ್ತಿನ ಮುಂದೆ ಬರಬೇಕು. ನಮ್ಮಂಥವರಿಗಾಗಿಯೇ 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ ಸಾಲುಗಳು ಇವು. ಅದೇ ವರ್ಷದ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಸೇರಿತು.

ಗೃಹ ಸಚಿವಾಲಯದ ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಎರಡು ಮಾತು ಇವೆ. ಒಂದು, ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯದ ವಿಷಯ. ಇನ್ನೊಂದು ನಮಗೆ ಹತ್ತಿರದ್ದು. ರಾಜ್ಯಗಳ ನಡುವಿನ ಗಡಿ ವಿವಾದ ಆಯಾ ರಾಜ್ಯಗಳ ಸಹಕಾರದಿಂದ ಮಾತ್ರ ಬಗೆಹರಿಯಬಲ್ಲದು, ಕೇಂದ್ರ ಮಧ್ಯೆ ನಿಂತು ಅನುಕೂಲ ಮಾಡಿಕೊಡುತ್ತದೆ ಅಷ್ಟೆ. ಗಡಿ ವಿವಾದ ನೋಡಲು ಮಹಾಜನ ಆಯೋಗವನ್ನು 1966ರಲ್ಲಿ ನೇಮಿಸಿದ್ದು ಕೇಂದ್ರವೇ. 1967ರಲ್ಲಿ ವರದಿ ಬಂತು. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ಅದರಲ್ಲಿ ಹೇಳಿದ್ದರು. ಅದು ಜಾರಿಯಾಗಲಿಲ್ಲ. ಇಲ್ಲಿ ಕೂತವರಲ್ಲಿ ಆ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇರಬಹುದು. ಮಲಯಾಳಿ ಗೆಳೆಯರೂ ಇದ್ದೀರಿ. ನಾನು ಹೇಳುವುದು ಇಷ್ಟೇ. 'ವರದಿ ಜಾರಿ ಯಾವಾಗ?' ಎಂದು ಕೇಳಿದರೆ ಈ ಸಿದ್ಧ ವಾಕ್ಯವೇ ಬರುತ್ತದೆ. 'ಗಡಿ ಜಿಲ್ಲೆಗಳ ಭಾಷಾ ಅಲ್ಪಸಂಖ್ಯಾತರ ಕುಂದುಕೊರತೆ ಕೇಳಲು ಕೇಂದ್ರ ಎಷ್ಟು ಸಲ ಎರಡೂ ರಾಜ್ಯಗಳ ಸಭೆ ಕರೆದಿದೆ, ತಾರೀಕು ಕೊಡಿ' ಎಂದರೆ ಸಿದ್ಧ ವಾಕ್ಯ ಸಾಲುವುದಿಲ್ಲ. ತಾರೀಕು ಬೇಕಾಗುತ್ತದೆ. ಕಾಞಂಗಾಡಿನಿಂದ ಕಾಣಿಯೂರಿಗೆ ರೈಲು ಕೇಳುವವರಿಗೂ ಇದೇ ಮಾತು ಹೇಳುತ್ತೇನೆ. ರೈಲು ಬರುತ್ತದೋ ಎಂದು ಕೇಳಬೇಡಿ. ಯಾವ ರಾಜ್ಯಕ್ಕೆ ಯಾವ ತಾರೀಕಿಗೆ ಕಾಗದ ಬರೆದಿದ್ದೀರಿ, ಅದಕ್ಕೆ ಉತ್ತರ ಬಂದಿದೆಯೋ ಎಂದು ಕೇಳಿ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯಕ್ಕೆ ಬರುತ್ತೇನೆ. ಒಳಾಡಳಿತ ಮತ್ತು ವಿದೇಶಾಂಗ ನೀತಿ ಎರಡೂ ಒಟ್ಟಿಗೆ ನಮ್ಮ ಅಂಗಳಕ್ಕೆ ಬಂದದ್ದು ಇದರಲ್ಲಿ. 1970ರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟರು. ಎಣ್ಮಕಜೆ, ಪಡ್ರೆ, ಸ್ವರ್ಗದ ಕಡೆಯ ಮನೆಗಳಲ್ಲಿ ಕಾಯಿಲೆ ಹೊತ್ತು ಹುಟ್ಟಿದ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಆ ಮಕ್ಕಳಲ್ಲಿ ಕೆಲವರಿಗೆ ನಾನು ಪಾಠ ಮಾಡಿದ್ದೇನೆ. ಬರಲಾಗದವರ ಮನೆಗೆ ಹೋಗಿ ಬಂದಿದ್ದೇನೆ.

ಈಗ ದೆಹಲಿಯಿಂದ ನೋಡಿ. ಈ ಮದ್ದಿಗೆ ನೋಂದಣಿ ಕೊಡುವುದು 1968ರ ಕೀಟನಾಶಕ ಕಾಯ್ದೆಯ ಕೆಳಗೆ, ಅದು ಕೃಷಿ ಸಚಿವಾಲಯ. ಮದ್ದು ತಯಾರಿಸುತ್ತಿದ್ದವರಲ್ಲಿ ಹಿಂದುಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೂಡ ಒಂದು. ಅದು ಕೇಂದ್ರ ಸರಕಾರದ್ದೇ ಕಂಪೆನಿ, ಇರುವುದು ರಸಗೊಬ್ಬರ ಮತ್ತು ರಾಸಾಯನಿಕ ಸಚಿವಾಲಯದ ಕೆಳಗೆ. ಕಾಯಿಲೆ ಆರೋಗ್ಯ ಸಚಿವಾಲಯದ್ದು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಗೆ ಬಂದು ಅಧ್ಯಯನ ಮಾಡಿ ಹೋಗಿದ್ದರು. ಸ್ಟಾಕ್‌ಹೋಮ್ ಒಪ್ಪಂದದ (ವಿಷಕಾರಿ ರಾಸಾಯನಿಕಗಳನ್ನು ತಡೆಯಲು ದೇಶಗಳು ಮಾಡಿಕೊಂಡದ್ದು) ಸಭೆಗೆ ಹೋಗಿ ದೇಶದ ಪರವಾಗಿ ಮಾತಾಡುವುದು ಪರಿಸರ ಸಚಿವಾಲಯ. ಒಂದೇ ವಿಷ, ನಾಲ್ಕು ಸಚಿವಾಲಯ. ಕೃಷಿ ಮಂತ್ರಿಗೆ ಮಕ್ಕಳ ಕಾಯಿಲೆ ಬಗ್ಗೆ ಕೇಳಿದರೆ ಅದು ಅವರ ಖಾತೆಯಲ್ಲ. ಆರೋಗ್ಯ ಮಂತ್ರಿಗೆ ನಿಷೇಧದ ಬಗ್ಗೆ ಕೇಳಿದರೆ ಅದು ಇವರ ಖಾತೆಯಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನಷ್ಟು ಉತ್ತರ ಕೊಡುತ್ತಾರೆ. ಒಟ್ಟು ಸೇರಿಸಿದಾಗ ಒಂದು ಮಗುವಿನ ಪೂರ್ತಿ ಬದುಕು ಯಾವ ಉತ್ತರದಲ್ಲೂ ಇರುವುದಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆದದ್ದು ಇದನ್ನು ಕಂಡಾಗ.

2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸೇರಿದವು. ಎಂಡೋಸಲ್ಫಾನನ್ನು ಜಗತ್ತಿನಲ್ಲೇ ನಿಲ್ಲಿಸಬೇಕೇ ಎಂಬುದು ಅಲ್ಲಿಯ ಚರ್ಚೆ. ಭಾರತ ಮೊದಲು ಬೇಡ ಎಂದಿತು. ಇತ್ತ ತಿರುವನಂತಪುರದಲ್ಲಿ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಏಪ್ರಿಲ್ 25ರಂದು ಉಪವಾಸ ಕೂತರು. ಕೊನೆಗೆ ಕೆಲವು ಬೆಳೆಗಳಿಗೆ ಸ್ವಲ್ಪ ಕಾಲದ ರಿಯಾಯಿತಿ ಇಟ್ಟುಕೊಂಡು ಭಾರತವೂ ಒಪ್ಪಿತು. ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶದೊಳಗೆ ಇದರ ತಯಾರಿ, ಮಾರಾಟ, ಬಳಕೆ ಎಲ್ಲವನ್ನೂ ತಡೆಯಿತು. 2017ರ ಜನವರಿಯಲ್ಲಿ ಅದೇ ಕೋರ್ಟು ಸಂತ್ರಸ್ತರಿಗೆ ಐದೈದು ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕು ಎಂದಿತು. ಇಷ್ಟೆಲ್ಲ ಆಗಿದ್ದು ಕೋರ್ಟಿನಿಂದ, ಬೀದಿಯ ಹೋರಾಟದಿಂದ, ತಾಯಂದಿರ ಛಲದಿಂದ. ಸಂಸತ್ತಿನ ಪ್ರಶ್ನೆಗಳಿಂದ ಮಾತ್ರ ಆಗಿದ್ದಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಹೋರಾಟಕ್ಕೂ ಕೋರ್ಟಿಗೂ ಸರಕಾರದ್ದೇ ಮಾತು ಬೇಕಾಗುತ್ತದೆ. ಇಂಥ ತಾರೀಕಿಗೆ ಸದನದಲ್ಲಿ ನೀವೇ ಹೀಗೆ ಹೇಳಿದ್ದಿರಿ ಎಂದು ತೋರಿಸಲು ಹಾಳೆ ಬೇಕು. ಆ ಹಾಳೆ ಹುಟ್ಟುವ ಜಾಗ ಪ್ರಶ್ನೋತ್ತರ.

ವಿದೇಶಾಂಗ ಮಂತ್ರಿಯ ಉತ್ತರಗಳದ್ದು ಬೇರೆಯೇ ಒಂದು ರೀತಿ. ಅಲ್ಲಿ ಹೇಳದೆ ಉಳಿಸುವುದೂ ಕೆಲಸದ ಭಾಗ. 'ದೇಶದ ಭದ್ರತೆಗೆ ಸಂಬಂಧಪಟ್ಟ ಎಲ್ಲ ಬೆಳವಣಿಗೆಗಳ ಮೇಲೆ ಸರಕಾರ ಸತತ ನಿಗಾ ಇಟ್ಟಿದೆ' ಎಂಬ ಸಾಲು ವರ್ಷಾನುಗಟ್ಟಲೆಯಿಂದ ಬರುತ್ತಾ ಇದೆ. ಮಾತುಕತೆ ನಡೆಯುತ್ತಿರುವಾಗ ಎಲ್ಲವನ್ನೂ ಬಿಚ್ಚಿ ಹೇಳಲಾಗದು, ನಿಜ. ಆದರೆ ಎಷ್ಟು ದಿನ ಮುಚ್ಚಿಡಬಹುದು? ಚೀನಾ ಅಕ್ಸಾಯ್ ಚಿನ್‌ನಲ್ಲಿ ರಸ್ತೆ ಮಾಡಿದ ವಿಷಯ ಸರಕಾರಕ್ಕೆ ಮೊದಲೇ ಗೊತ್ತಿತ್ತು. ಪ್ರಧಾನಿಯೂ ವಿದೇಶಾಂಗ ಮಂತ್ರಿಯೂ ಆಗಿದ್ದ ನೆಹರೂ ಅದನ್ನು ಲೋಕಸಭೆಯಲ್ಲಿ ಹೇಳಿದ್ದು 1959ರ ಆಗಸ್ಟಿನಲ್ಲಿ. ಅದಾದ ಮೇಲೆ ಚೀನಾದ ಜೊತೆಗಿನ ಕಾಗದ ಪತ್ರಗಳನ್ನು ಶ್ವೇತಪತ್ರವಾಗಿ ಸಂಸತ್ತಿನ ಮುಂದೆ ಇಟ್ಟರು. 1962ರಲ್ಲಿ ಯುದ್ಧ ಬಂದಾಗ ಪ್ರಶ್ನೋತ್ತರ ವೇಳೆಯನ್ನೇ ನಿಲ್ಲಿಸಿದರು.

ನನ್ನ ಮನಸ್ಸಲ್ಲಿ ಉಳಿದದ್ದು ಮೊಸುಲ್‌ನದ್ದು. 2014ರ ಜೂನಿನಲ್ಲಿ ಇರಾಕಿನ ಮೊಸುಲ್‌ನಲ್ಲಿ ಕೆಲಸಕ್ಕಿದ್ದ ನಮ್ಮ ದೇಶದ 40 ಕಾರ್ಮಿಕರನ್ನು ಭಯೋತ್ಪಾದಕರು ಹಿಡಿದುಕೊಂಡು ಹೋದರು. ಒಬ್ಬ ತಪ್ಪಿಸಿಕೊಂಡು ಬಂದ. ಉಳಿದವರನ್ನೆಲ್ಲ ಕೊಂದರು ಎಂದ. ಅದೇ ಹೊತ್ತಿಗೆ ತಿಕ್ರಿತ್‌ನಲ್ಲಿ ಸಿಕ್ಕಿಕೊಂಡಿದ್ದ 46 ನರ್ಸುಗಳು ಜುಲೈ 5ರಂದು ಕೊಚ್ಚಿಗೆ ಬಂದಿಳಿದರು. ಕೇರಳವೆಲ್ಲ ಟಿವಿಯ ಮುಂದೆ ಕೂತಿತ್ತು. ಆದರೆ ಆ 39 ಮಂದಿ? ಆಗಿನ ವಿದೇಶಾಂಗ ಮಂತ್ರಿ ಸುಷ್ಮಾ ಸ್ವರಾಜ್ ಅವರಿಗೆ ಸಂಸತ್ತಿನಲ್ಲಿ ಮತ್ತೆ ಮತ್ತೆ ಈ ಪ್ರಶ್ನೆ ಬಂತು. ಸತ್ತಿದ್ದಾರೆ ಎನ್ನಲು ಸಾಕ್ಷ್ಯ ಇಲ್ಲ, ಸಾಕ್ಷ್ಯ ಇಲ್ಲದೆ ಸತ್ತರು ಎನ್ನುವುದು ಪಾಪ ಎಂದು ಅವರು 2017ರಲ್ಲಿ ಹೇಳಿದರು. 2018ರ ಮಾರ್ಚ್ 20ರಂದು ರಾಜ್ಯಸಭೆಯಲ್ಲಿ ಎದ್ದು, 39 ಮಂದಿಯೂ ತೀರಿಕೊಂಡಿದ್ದಾರೆ, ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯಿತು ಎಂದರು. ನಾಲ್ಕು ವರ್ಷ ಹತ್ತಿರವಾಗಿತ್ತು. ಅವರು ಆಶೆ ಉಳಿಸಿದ್ದು ಸರಿಯೇ, ಮನೆಯವರನ್ನು ಅಷ್ಟು ವರ್ಷ ಕಾಯಿಸಿದ್ದು ಸರಿಯೇ ಎಂದು ಜನ ಎರಡೂ ಬಗೆಯಲ್ಲಿ ಮಾತಾಡಿದರು. ನನಗೆ ಅನಿಸುವುದು ಹೀಗೆ. ಆ ಮನೆಗಳವರಿಗೆ ತಮ್ಮ ಮಂತ್ರಿ ಸದನದಲ್ಲಿ ನಿಂತು ಉತ್ತರ ಕೊಡಬೇಕಾಯಿತಲ್ಲ, ಮತ್ತೆ ಮತ್ತೆ ಕೊಡಬೇಕಾಯಿತಲ್ಲ, ಅದು ದೊಡ್ಡದು. ಕೇಳುವವರು ಇಲ್ಲದಿದ್ದರೆ 39 ಎಂಬ ಸಂಖ್ಯೆಯೂ ಮರೆತುಹೋಗುತ್ತಿತ್ತು.

2024ರ ಜೂನ್ 12ರಂದು ಕುವೈಟಿನ ಮಂಗಾಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿತ್ತು. ವಾಯುಪಡೆಯ ವಿಮಾನದಲ್ಲಿ 45 ಶವಗಳು ಬಂದವು. ನಮ್ಮ ಜಿಲ್ಲೆಯವರೂ ಇದ್ದರು. ಆ ವಾರ ಇಲ್ಲಿ ಯಾವ ಮನೆಯಲ್ಲೂ ಸರಿಯಾಗಿ ಊಟ ಇಳಿಯಲಿಲ್ಲ. ನಮಗೆ ವಿದೇಶಾಂಗ ನೀತಿ ಎಂದರೆ ಇದೇ, ಅಲ್ವಾ? ಲೇಬರ್ ಕ್ಯಾಂಪಿನ ಒಂದು ಕೋಣೆಯಲ್ಲಿ ಎಷ್ಟು ಜನರನ್ನು ಮಲಗಿಸಬಹುದು ಎಂಬುದು. ಒಡಂಬಡಿಕೆಗೆ ಸಹಿ ಮಾಡುವಾಗ ಅದನ್ನು ಬರೆಸಿದ್ದಾರೋ ಇಲ್ಲವೋ ಎಂಬುದು. 2004ರಲ್ಲಿ ಅನಿವಾಸಿ ಭಾರತೀಯರಿಗೆಂದೇ ಒಂದು ಸಚಿವಾಲಯ ಇತ್ತು. 2016ರಲ್ಲಿ ಅದನ್ನು ವಿದೇಶಾಂಗ ಸಚಿವಾಲಯಕ್ಕೆ ಸೇರಿಸಿದರು. ಈಗ ನಮ್ಮ ಪ್ರಶ್ನೆಗಳೆಲ್ಲ ಅಲ್ಲಿಗೇ ಹೋಗಬೇಕು.

ಪ್ರಶ್ನೆಯೇ ಇಲ್ಲದ ಕಾಲವನ್ನೂ ನಾವು ನೋಡಿದ್ದೇವೆ. 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ಜಿಲ್ಲೆ ನಮ್ಮದು. ಆಂಬುಲೆನ್ಸ್ ತಡೆದು ನಿಲ್ಲಿಸಿದರು, ಕೆಲವರು ದಾರಿಯಲ್ಲೇ ಜೀವ ಬಿಟ್ಟರು. ದಾರಿ ಬಿಡಿಸಬೇಕು ಎಂದು ಕೇರಳ ಹೈಕೋರ್ಟ್ ಏಪ್ರಿಲ್ 1ಕ್ಕೆ ಆದೇಶ ಕೊಟ್ಟಿತು, ಏಪ್ರಿಲ್ 7ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಒಂದು ಒಪ್ಪಂದಕ್ಕೆ ಬಂದರು. ಆ ದಿನಗಳಲ್ಲಿ ಗೃಹ ಮಂತ್ರಿಗೆ ಕೇಳಬೇಕಾದ ಪ್ರಶ್ನೆಗಳು ಎಷ್ಟಿದ್ದವು! ಆದರೆ ಸಂಸತ್ತು ಮಾರ್ಚ್ 23ಕ್ಕೇ ಮುಗಿದಿತ್ತು. ಮತ್ತೆ ಸೇರಿದ್ದು ಸೆಪ್ಟೆಂಬರ್ 14ಕ್ಕೆ. ಆಗಲೂ ಪ್ರಶ್ನೋತ್ತರ ವೇಳೆ ಇರಲಿಲ್ಲ, ಬರಹದ ಉತ್ತರ ಮಾತ್ರ. ಲಾಕ್‌ಡೌನಿನಲ್ಲಿ ಊರಿಗೆ ನಡೆದು ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಜನ ಸತ್ತರು ಎಂದು ಕೇಳಿದ್ದಕ್ಕೆ ಕಾರ್ಮಿಕ ಸಚಿವಾಲಯ ಅಂಥ ಅಂಕಿಅಂಶ ಇಟ್ಟಿಲ್ಲ ಎಂದು ಬರೆಯಿತು. ಎದುರಿಗೆ ನಿಂತು ಉಪಪ್ರಶ್ನೆ ಕೇಳುವ ಹಾಗಿದ್ದರೆ 'ಯಾಕೆ ಇಟ್ಟಿಲ್ಲ?' ಎಂಬುದು ಮೊದಲ ಮಾತಾಗುತ್ತಿತ್ತು.

ಉಪಪ್ರಶ್ನೆಗೆ ಮಂತ್ರಿಗಳು ಹೇಗೆ ತಯಾರಾಗುತ್ತಾರೆ ಎಂಬುದೂ ಗೊತ್ತಿರಲಿ. ಅಚ್ಚಾದ ಉತ್ತರ ಒಂದು ಪುಟ. ಅದರ ಹಿಂದೆ ಅಧಿಕಾರಿಗಳು ಮಾಡಿಕೊಟ್ಟ ದಪ್ಪ ಫೈಲು. ಏನೇನು ಕೇಳಬಹುದು ಎಂದು ಊಹಿಸಿ ಎಲ್ಲಕ್ಕೂ ಟಿಪ್ಪಣಿ. ಅಧಿಕಾರಿಗಳು ಪಕ್ಕದ ಗ್ಯಾಲರಿಯಲ್ಲಿ ಕೂತಿರುತ್ತಾರೆ, ಬೇಕಾದರೆ ಚೀಟಿ ಕಳಿಸುತ್ತಾರೆ. ಅಂದರೆ ಒಂದು ಪ್ರಶ್ನೆ ಸಚಿವಾಲಯಕ್ಕೆ ಹೋದ ದಿನದಿಂದ ಅಲ್ಲಿ ಹತ್ತಾರು ಜನ ಆ ವಿಷಯದ ಫೈಲು ತೆರೆದು ಓದಬೇಕು. ಎಷ್ಟೋ ಕಾಲದಿಂದ ಧೂಳು ಹಿಡಿದ ನಮ್ಮೂರಿನ ಅರ್ಜಿ ಆ ದಿನ ಮೇಜಿನ ಮೇಲೆ ಬರುತ್ತದೆ. ಉತ್ತರ ಚೆನ್ನಾಗಿರಲಿ ಬಿಡಲಿ, ಅಷ್ಟು ಲಾಭ ಇದ್ದೇ ಇದೆ.

ಇನ್ನು 'ಪರಿಶೀಲನೆಯಲ್ಲಿದೆ' ಎಂಬ ಮಾತು. ಇದನ್ನು ಓದಿ ನಾವು ಕಾಗದ ಮಡಚಿ ಇಡುತ್ತೇವೆ. ಇಡಬೇಡಿ. 'ಪರಿಶೀಲನೆಯಲ್ಲಿದೆ', 'ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡುತ್ತೇವೆ' ಇಂಥ ಮಾತುಗಳನ್ನೆಲ್ಲ ಸಂಸತ್ತು ಭರವಸೆ ಎಂದು ಲೆಕ್ಕ ಹಿಡಿಯುತ್ತದೆ. ಇದಕ್ಕಾಗಿಯೇ ಸರಕಾರಿ ಭರವಸೆಗಳ ಸಮಿತಿ ಇದೆ, ಲೋಕಸಭೆಯಲ್ಲಿ 1953ರಿಂದ, ರಾಜ್ಯಸಭೆಯಲ್ಲಿ 1972ರಿಂದ. ಭರವಸೆ ಮೂರು ತಿಂಗಳೊಳಗೆ ಈಡೇರಬೇಕು. ಆಗದಿದ್ದರೆ ಸಚಿವಾಲಯ ಆ ಸಮಿತಿಯ ಹತ್ತಿರ ಹೋಗಿ ಹೆಚ್ಚಿನ ಕಾಲ ಕೇಳಬೇಕು. ಎಷ್ಟೋ ಭರವಸೆಗಳು ವರ್ಷಗಟ್ಟಲೆ ಬಾಕಿ ಇವೆ. ಆದರೆ ಬಾಕಿ ಎಂದು ಬರೆದಿಟ್ಟ ಪುಸ್ತಕ ಇದೆಯಲ್ಲ! ನಮ್ಮ ಅಂಗಡಿಯಲ್ಲಿ ಸಾಲದ ಪುಸ್ತಕ ಇದ್ದ ಹಾಗೆ. ತಾರೀಕು ಹಿಡಿದು ಹೋಗಿ ಕೇಳಬಹುದು.

ಇದಕ್ಕೆಲ್ಲ ಅಡ್ಡಿ ಏನು? ಭಾಷೆ. ಉತ್ತರಗಳು ಇಂಗ್ಲಿಷ್, ಹಿಂದಿಯಲ್ಲಿ ಸಿಗುತ್ತವೆ. ಸಂಸತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು, ದುಡ್ಡು ಇಲ್ಲ. ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಕನ್ನಡದಲ್ಲೇ ಮಾತಾಡಿದರು ಎಂದು ನಾವು ಹೆಮ್ಮೆ ಪಡುತ್ತೇವೆ. ನಮ್ಮ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ 2021ರಲ್ಲಿ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣ ವಚನ ತೆಗೆದುಕೊಂಡರು. ಅದೂ ಸಂತೋಷವೇ. ಆದರೆ ನಮ್ಮ ಭಾಷೆ ಅಲ್ಲಿಗೆ ಹೋದಷ್ಟು ಅಲ್ಲಿಯ ಉತ್ತರ ನಮ್ಮ ಭಾಷೆಗೆ ಬರಲಿಲ್ಲ. ಅದನ್ನು ತರುವುದು ಯಾವ ಮಂತ್ರಿಯ ಕೆಲಸವೂ ಅಲ್ಲ, ನಮ್ಮದು. ಹಾಗಾಗಿ ಈ ಗ್ರಂಥಾಲಯಕ್ಕೆ ನನ್ನದೊಂದು ಬೇಡಿಕೆ. ಪ್ರತಿ ಅಧಿವೇಶನ ಮುಗಿದ ಮೇಲೆ ಕಾಸರಗೋಡಿಗೆ, ಅಡಕೆಗೆ, ಗಲ್ಫಿಗೆ, ಗಡಿ ಶಾಲೆಗೆ ಸಂಬಂಧಪಟ್ಟ ಉತ್ತರಗಳನ್ನು ಹುಡುಕಿ, ಕನ್ನಡ ಮಾಡಿ, ಒಂದು ಫೈಲಿನಲ್ಲಿ ಇಡೋಣ. ಮೊದಲ ಹತ್ತು ನಾನು ಮಾಡಿಕೊಡುತ್ತೇನೆ. ಇಂಗ್ಲಿಷ್ ಬಲ್ಲ ಮಕ್ಕಳು ಜೊತೆಗೆ ಬನ್ನಿ. ಪೇಪರ್ ಓದಲು ಬಂದವರು ಆ ಫೈಲನ್ನೂ ತಿರುವಿ ಹಾಕಲಿ. ನಮ್ಮ ಪ್ರಶ್ನೆ ಸಿದ್ಧವಾದರೆ ಸಂಸದರ ಆಫೀಸಿಗೆ ಕೊಡೋಣ. ಅವರು ಯಾವ ಪಕ್ಷದವರಾದರೂ ಸರಿ.

ಮಾತು ಅಲ್ಲಿಗೆ ಮುಗಿಯಿತು. ಆದರೆ ಆಮೇಲೆ ನಡೆದದ್ದನ್ನೂ ಬರೆಯಲೇಬೇಕು.

ಚಾಯ ಕುಡಿಯುತ್ತಾ ಅಲ್ಲೇ ಒಂದು ಪ್ರಶ್ನೆ ಬರೆದು ನೋಡೋಣ ಎಂದರು ಹುಡುಗರು. ಬೋರ್ಡಿನ ಮೇಲೆ ಬರೆಯತೊಡಗಿದೆವು. ವಿದೇಶಾಂಗ ಮಂತ್ರಿಗೆ. (ಎ) ಕಳೆದ ಐದು ವರ್ಷದಲ್ಲಿ ಸಂಬಳ ಸಿಗದ ಬಗ್ಗೆ ಗಲ್ಫ್ ದೇಶಗಳಿಂದ ಬಂದ ದೂರುಗಳೆಷ್ಟು, ದೇಶವಾರು. (ಬಿ) ಅದರಲ್ಲಿ ಇತ್ಯರ್ಥವಾದದ್ದು ಎಷ್ಟು. ಸರಿಯಾಗಿದೆ ಅನಿಸಿತು. ಡಿಗ್ರಿ ಓದುವ ಹುಡುಗಿಯೊಬ್ಬಳು ಪದ ಎಣಿಸಿ ಇನ್ನೂ ತುಂಬ ಜಾಗ ಇದೆ ಎಂದಳು.

ಹಿಂದಿನ ಬೆಂಚಿನಲ್ಲಿ ಆ ನೆರೆಮನೆಯ ಅಕ್ಕ ಕೂತಿದ್ದರು. ಅವರ ಮಗ ಊರಿಗೆ ಬಂದಾಗಿದೆ. ಐದು ತಿಂಗಳ ಸಂಬಳದಲ್ಲಿ ಎರಡು ತಿಂಗಳದ್ದು ಸಿಕ್ಕಿತ್ತು, ಉಳಿದದ್ದು ಇಲ್ಲ. ದೂರಿನ ಸ್ಥಿತಿ ನೋಡಿದರೆ 'ಮುಕ್ತಾಯ' ಎಂದು ತೋರಿಸುತ್ತದೆ. ಅವರು ಕೈ ಎತ್ತಿದರು.

"ಮಾಷ್ಟ್ರೇ, ಇತ್ಯರ್ಥ ಅಂದರೆ ಏನು ಅಂತ ಕೇಳಿ. ಸಂಬಳ ಸಿಕ್ಕಿದ್ದಾ, ಫೈಲು ಮುಚ್ಚಿದ್ದಾ?"

ಅದನ್ನು (ಸಿ) ಎಂದು ಬರೆದೆವು.